ನಾಲ್ಕು ಗಂಟೆಯೊಳಗೆ ಒಂದು ಹೆಸರು

ಒಂದು ಸಂಘಕ್ಕೆ ಹೆಸರಿಡಲು ನಾಲ್ಕು ಸಭೆ ಬೇಕಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಸಂಗಮನಾಥ ಆ ತಂಟೆಗೇ ಹೋಗುತ್ತಿರಲಿಲ್ಲ. ನಾಲ್ಕನೆಯ ಸಭೆಗೆಂದು ಅವನು ಛತ್ರಪತಿ ಸಂಭಾಜಿನಗರದಿಂದ ನಾಲ್ಕು ತಾಸು ಬಸ್ಸಿನಲ್ಲಿ ಕೂತು ನಾಶಿಕಕ್ಕೆ ಬಂದಿದ್ದ. ಸೊಂಟ ಹಿಡಿದುಕೊಂಡಿತ್ತು, ತಲೆ ಕೆಟ್ಟಿತ್ತು.

ಅವನಿಗೆ ಬೇಕಾಗಿದ್ದದ್ದು ಒಂದು ಕೋಣೆ, ಅಷ್ಟೇ. ಭಾಲ್ಕಿಯಲ್ಲಿ ಮೂವತ್ತು ವರ್ಷ ಶಾಲಾ ಮಾಸ್ತರಿಕೆ ಮಾಡಿ ಈಗ ಮಗನ ಮನೆಯಲ್ಲಿರುವ ಅವನ ತಾಯಿ ರುಕ್ಮಿಣಿಬಾಯಿ, ಪ್ರತಿ ಭಾನುವಾರ ಬಾಲ್ಕನಿಯಲ್ಲಿ ಮಕ್ಕಳಿಗೆ ಕನ್ನಡದ ಅಕ್ಷರ ಹೇಳಿಕೊಡುತ್ತಿದ್ದರು. ಹನ್ನೊಂದಿದ್ದ ಮಕ್ಕಳು, ಬಿಸಿಲಿಗೋ ಇಕ್ಕಟ್ಟಿಗೋ, ಐದಕ್ಕೆ ಇಳಿದಿದ್ದರು. ಹತ್ತಿರದ ಶಾಲೆಯ ಹೆಡ್ಮಾಸ್ಟರು ಭಾನುವಾರದ ಮಟ್ಟಿಗೆ ಒಂದು ಕೋಣೆ ಕೊಡಲು ಒಪ್ಪಿದ್ದರು. ಆದರೆ ಅವರು ಕೊಡುವುದು ಹೆಸರು, ಸದಸ್ಯರು, ಸಹಿ ಎಲ್ಲ ಇರುವ ಸಂಘಕ್ಕೆ. ಅಷ್ಟು ಸಹಿ ಕೂಡಬೇಕಾದರೆ ಎರಡೂ ಊರಿನ ಕನ್ನಡದವರು ಒಟ್ಟಾಗಬೇಕಿತ್ತು. ಅರ್ಜಿಗೆ ಮರುದಿನವೇ ಕೊನೆ.

ಸಭೆ ನಡೆಯುವುದು ಸುಧಾಕರ ಶೆಟ್ಟರ ಹೋಟೆಲಿನಲ್ಲಿ, ಮೂರರಿಂದ ನಾಲ್ಕರವರೆಗೆ. ಊಟದ ಗಿರಾಕಿಗಳು ಎದ್ದುಹೋಗಿ ಸಂಜೆಯ ದೋಸೆಗೆ ಕಾವಲಿ ಕಾಯುವ ಮೊದಲಿನ ಆ ಒಂದು ಗಂಟೆ ಬಿಟ್ಟರೆ ಹೋಟೆಲಿನವರಿಗೆ ಪುರಸೊತ್ತೇ ಇಲ್ಲ. ನಾಲ್ಕಕ್ಕೆ ಕಾವಲಿಯ ಮೇಲೆ ಚಿಮುಕಿಸಿದ ನೀರು ಚುಂಯ್ ಎಂದರೆ ಸಭೆ ಮುಗಿಯಿತು, ಮಾತು ಎಲ್ಲಿಗೇ ಬಂದಿರಲಿ. ಹಿಂದಿನ ಮೂರೂ ಸಭೆಗಳು ಹಾಗೆಯೇ ಮುಗಿದಿದ್ದವು.

“ಕರ್ನಾಟಕ ಸಂಘ ಅಂತ ಇಡಿ ಮಾರಾಯ್ರೆ,” ಎಂದರು ಸುಧಾಕರ, ನಾಲ್ಕನೆಯ ಸಲ. “ನಮ್ಮ ಮನೆಯಲ್ಲಿ ಮಾತಾಡುದು ತುಳು. ಕನ್ನಡ ಸಂಘ ಅಂದ್ರೆ ನಮ್ಮ ಹೆಂಗಸರು ಬರುದಿಲ್ಲ.”

ನಾಶಿಕದ ಹತ್ತಿರದ ಪಿಂಪಳಗಾಂವ್ ಬಸವಂತದಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಆಳಂದದ ರೇವಣಪ್ಪ ಬಿಡುವ ಆಸಾಮಿಯಲ್ಲ. “ನಾ ಹುಟ್ಟಿದಾಗ ನಮ್ಮೂರು ಹೈದರಾಬಾದ್ ರಾಜ್ಯದಾಗ ಇತ್ರಿ. ಸಾಲಿಗಿ ಹೋಗಾಗ ಮೈಸೂರಾಯ್ತು. ಕರ್ನಾಟಕ ಅಂತ ಹೆಸರು ಬರೋದ್ರಾಗ ನನಗ ಮೀಸಿ ಬಂದಿದ್ವು. ರಾಜ್ಯಕ್ಕ ಮೂರು ಹೆಸರಾದ್ರೂ ನಮ್ಮವ್ವ ಮಾತಾಡಿದ್ದು ಒಂದೇ ಕನ್ನಡ. ಕನ್ನಡ ಸಂಘನೇ ಆಗಬೇಕು.”

“ಅದು ನಿನ್ನೆ ಮೊನ್ನೆಯ ಹೆಸರಲ್ಲ. ಕರುನಾಡು ಅಂತ ಹಿಂದಿನಿಂದ ಉಂಟು.”

“ಕರು ಅಂದ್ರ ಕರಿ ಮಣ್ಣು. ಅದು ನಮ್ಮ ಕಡಿ ಮಣ್ಣರಿ.”

“ನಮ್ಮಲ್ಲಿ ಮಣ್ಣು ಕೆಂಪು. ಹಾಗಾದ್ರೆ ನಾವು ಹೊರಗಿನವರಾ?”

ಮಣ್ಣಿನ ಮೇಲೆ ಇಪ್ಪತ್ತು ನಿಮಿಷ ಹೋಯಿತು. ಕರು ಎಂದರೆ ಎತ್ತರ ಎಂದು ಮೂಲೆಯಿಂದ ಒಬ್ಬರು ಎದ್ದರು, ಅದಕ್ಕೆ ಇನ್ನೊಂದು ಐದು ನಿಮಿಷ. ಸಂಗಮನಾಥ ಗಡಿಯಾರ ನೋಡುತ್ತ ಕೂತ. ಅವನಿದ್ದ ಊರಿನ ಹೆಸರೇ ಅವನ ಕಣ್ಣೆದುರು ಬದಲಾಗಿತ್ತು. ಬಸ್ಸಿನ ಬೋರ್ಡಿನಲ್ಲಿ ಹೊಸದು, ಅವನ ಹಳೆಯ ಕಾಗದಪತ್ರಗಳಲ್ಲಿ ಹಳೆಯದು, ನಲ್ಲಿಯ ನೀರು ಮಾತ್ರ ಆಗಲೂ ಈಗಲೂ ಬಂದಾಗ ಬಂತು. ನಿಮ್ಮಲ್ಲಿ ಎಷ್ಟು ಮಂದಿಯ ಮೊಮ್ಮಕ್ಕಳಿಗೆ ಅಜ್ಜನ ಹೆಸರನ್ನು ಕನ್ನಡದಲ್ಲಿ ಬರೆಯಲು ಬರುತ್ತದೆ ಎಂದು ಕೇಳಿಬಿಡಬೇಕೆನಿಸಿತು. ಕೇಳಲಿಲ್ಲ. ಸಹಿ ಇವರದೇ ಬೇಕಿತ್ತು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಸುಧಾಕರರ ಮಗ ಸುಜಿತ್ ಗಲ್ಲಾದಲ್ಲಿ ಕೂತೇ ಹೇಳಿದ. “ಸೌತ್ ಇಂಡಿಯನ್ ಸಂಘ ಅಂತ ಇಡಿ ಪಪ್ಪಾ. ಗಿರಾಕಿಗಳು ನಮ್ಮನ್ನು ಹೇಗೂ ಹಾಗೇ ಕರೆಯುದು. ನಾಳೆ ಗಡಿ ಗಲಾಟೆ ಆದ್ರೂ ಬೋರ್ಡಿಗೆ ಯಾರೂ ಮಸಿ ಬಳಿಯುದಿಲ್ಲ.”

ಕೈಗಳು ಪಟಪಟನೆ ಮೇಲೆದ್ದವು. ರೇವಣಪ್ಪ ಗೆಲ್ಲಲಿಲ್ಲವೆಂದು ಸುಧಾಕರರಿಗೆ ಸಮಾಧಾನ, ಸುಧಾಕರ ಗೆಲ್ಲಲಿಲ್ಲವೆಂದು ರೇವಣಪ್ಪನವರಿಗೆ ಸಮಾಧಾನ. ಸಂಗಮನಾಥನಿಗೆ ಮೈಯೆಲ್ಲ ಉರಿಯಿತು. ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ‘ಮದ್ರಾಸಿ’ ಎಂದು ಕರೆಸಿಕೊಂಡು, ನಾನು ಬೀದರ್ ಕಡೆಯವನು, ರೊಟ್ಟಿ ತಿನ್ನುವವನು ಎಂದು ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಆದರೂ ಕೋಣೆ ನೆನೆದು ತಾನೂ ಕೈಯೆತ್ತಿದ. ಕಾವಲಿ ಚುಂಯ್ ಎಂದಿತು.

ಕೋಣೆ ಸಿಕ್ಕಿತು. ಹೆಡ್ಮಾಸ್ಟರು ಸಂಘದ ಹೆಸರು, ಅದರ ಕೆಳಗೆ ‘ಭಾನುವಾರ ಮಕ್ಕಳಿಗೆ ಅಕ್ಷರಪಾಠ’ ಎಂದು ಬರೆಸಿ ಗೇಟಿಗೆ ನೋಟಿಸು ಹಚ್ಚಿಸಿದರು.

ಮೊದಲ ಭಾನುವಾರ ರುಕ್ಮಿಣಿಬಾಯಿ ಸೀಮೆಸುಣ್ಣದ ಡಬ್ಬಿ ಹಿಡಿದು, ಐದು ಮಕ್ಕಳನ್ನು ಹಿಂದೆ ಕಟ್ಟಿಕೊಂಡು ಮಗನೊಡನೆ ಹೋದಾಗ ಕೋಣೆ ಆಗಲೇ ತುಂಬಿತ್ತು. ಆರು ತೆಲುಗು ಕುಟುಂಬ, ನಾಲ್ಕು ತಮಿಳು ಕುಟುಂಬ, ಮಗಳ ಕೈಹಿಡಿದ ಒಬ್ಬ ಮಲಯಾಳಿ ನರ್ಸ್. ನೋಟಿಸು ಓದಿ ಬಂದಿದ್ದರು. ಹೆಸರಿನ ಪ್ರಕಾರ ಕೋಣೆ ಅವರದೂ ಹೌದು. ಬೇಡ ಎನ್ನಲು ಸಂಗಮನಾಥನಿಗೆ ಬಾಯಿ ಬರಲಿಲ್ಲ. ಒಳ್ಳೆಯ ಜನ, ಅವರ ಮಕ್ಕಳಿಗೂ ಅಕ್ಷರ ಬೇಕಿತ್ತು. ಎಲ್ಲರಿಗೂ ತಿಳಿಯಲೆಂದು ಮಾತುಕತೆ ಹಿಂದಿಯಲ್ಲಿ ನಡೆಯಿತು. ತಿಂಗಳಿಗೆ ನಾಲ್ಕು ಭಾನುವಾರ, ಭಾಷೆಯೂ ನಾಲ್ಕು. ಚೀಟಿ ಎತ್ತಿದಾಗ ಕನ್ನಡಕ್ಕೆ ಕೊನೆಯದು ಬಂತು.

ರುಕ್ಮಿಣಿಬಾಯಿ ಡಬ್ಬಿಯನ್ನು ಹಾಗೇ ಸೆರಗಿನಲ್ಲಿ ಸುತ್ತಿಕೊಂಡು ಮಕ್ಕಳೊಡನೆ ಹೊರಗೆ ಬಂದರು. ಸಂಗಮನಾಥ ಗೇಟಿನ ಹತ್ತಿರ ನಿಂತು ನಾಶಿಕಕ್ಕೆ ಫೋನು ಮಾಡಿದ. ಇನ್ನೇನು ಕೂಗಾಡಿಬಿಡಬೇಕು, ಅಷ್ಟರಲ್ಲಿ ಸುಧಾಕರರೇ, “ಹೆಸರು ಬದಲಿಸುವ, ಅದಕ್ಕೇನಂತೆ. ಮುಂದಿನ ಭಾನುವಾರ ಮೂರಕ್ಕೆ ಒಂದು ಸಭೆ ಇಡುವ,” ಎಂದು ಇಟ್ಟುಬಿಟ್ಟರು. ಅವನಿಗೆ ಫೋನನ್ನು ನೆಲಕ್ಕೆ ಕುಕ್ಕಬೇಕೆನಿಸಿತು.

“ನೀನೂ ಕೈ ಎತ್ತಿದ್ದೇನು ಸಂಗಪ್ಪಾ?” ರುಕ್ಮಿಣಿಬಾಯಿ ಕೇಳಿದರು.

“ಎತ್ತೀನವ್ವಾ. ನಿನಗ ಕೋಣಿ ಸಿಗಲಿ ಅಂತ.”

ಅವರು ಗೇಟಿನ ನೋಟಿಸನ್ನು ಒಮ್ಮೆ ನೋಡಿದರು. “ಮೂವತ್ತು ವರ್ಷ ಹುಡುಗರಿಗಿ ಮೊದಲನೇ ದಿನ ಒಂದೇ ಮಾತು ಹೇಳೀನಿ. ನಿನ್ನ ಹೆಸರು ಮಂದಿ ಕಡಿಂದ ಬರಸಬ್ಯಾಡ, ನೀನೇ ಬರಿ ಅಂತ. ನಿನಗೂ ಹೇಳಿದ್ದೆ.”

ಮಕ್ಕಳು ಮರಾಠಿಯಲ್ಲಿ ಹರಟುತ್ತ ಮುಂದೆ ಹೋಗುತ್ತಿದ್ದರು.

“ಭಾನುವಾರ ಬಸ್ಸಿಗಿ ಎರಡು ಸೀಟು ಹಿಡಿ,” ಎಂದರು ರುಕ್ಮಿಣಿಬಾಯಿ. “ನಾಲ್ಕಕ್ಕ ಆ ಕಾವಲಿ ಮ್ಯಾಲ ಯಾರು ನೀರು ಹಾಕ್ತಾರ, ನಾ ನೋಡ್ತೀನಿ.”