ಅಟ್ಟ ಹತ್ತಿದ ದುಃಖ

ಬಿಳಿಗೆರೆಯ ನಮ್ಮ ಎದುರು ಮನೆಯ ಶಿವರುದ್ರಮ್ಮನಿಗೆ ಒಬ್ಬ ಮಗ, ಒಬ್ಬಳು ಮಗಳು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಇಬ್ಬರಿಗೂ ಶೆಟ್ಟಿಕೆರೆಯ ಒಂದೇ ಮನೆಯಲ್ಲಿ ಸಂಬಂಧ ಕುದುರಿತ್ತು. ಆ ಮನೆಯ ಹುಡುಗಿ ಮಗ ತೋಂಟದಾರ್ಯನಿಗೆ, ಆ ಹುಡುಗಿಯ ಅಣ್ಣ ಮಗಳು ಗಿರಿಜಾಂಬಿಕಾಗೆ. ಕೊಟ್ಟು ತರುವ ಸಂಬಂಧ, ಒಂದೇ ಚಪ್ಪರದಲ್ಲಿ ಎರಡು ಮದುವೆ. ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಕದ್ದು ನೋಡಿ ನಕ್ಕೂ ಆಗಿತ್ತು. ಅಷ್ಟರಲ್ಲಿ ಶೆಟ್ಟಿಕೆರೆಯವರಿಗೆ ತಿಪಟೂರಿನ ಕೊಬ್ಬರಿ ಮಂಡಿಯವರ ಮನೆಯಿಂದ ಹೆಣ್ಣು, ಗಂಡು ಎರಡೂ ಸಿಕ್ಕವು. ನಮ್ಮೂರ ಸಂಬಂಧ ಬೇಡವೆಂದು ಬಸ್ಸಿನಲ್ಲಿ ಬರುವವರ ಕೈಲಿ ಹೇಳಿ ಕಳಿಸಿ ಕೈ ತೊಳೆದುಕೊಂಡರು.

ಏಟು ಇಬ್ಬರಿಗೂ ಒಂದೇ ದಿನ ಬಿತ್ತು. ತೋಂಟದಾರ್ಯ ಚಾಪೆ, ದಿಂಬು, ಟ್ರಾನ್ಸಿಸ್ಟರು ತೆಗೆದುಕೊಂಡು ಅಟ್ಟ ಹತ್ತಿದ. ಕೊಬ್ಬರಿಗೆಂದು ಹರಡಿದ್ದ ಕಾಯಿಗಳನ್ನು ಒತ್ತರಿಸಿ ಮಲಗಿಬಿಟ್ಟ. ಹೊರಕಡೆಗೆ ಹೋಗಲು ಮಾತ್ರ ಇಳಿಯುತ್ತಿದ್ದ, ಅದೂ ಯಾರ ಮುಖವನ್ನೂ ನೋಡದೆ. ಗಡ್ಡ ಬಿಟ್ಟ. ಊರಿನ ಗಂಡಸರೆಲ್ಲ ಬಂದು ಏಣಿಯ ಬುಡದಲ್ಲಿ ನಿಂತು ಸಮಾಧಾನ ಹೇಳಿ, ಕಾಫಿ ಕುಡಿದು ಹೋದರು. ಆ ಕಾಫಿ ಕಾಸಿದವಳು ಗಿರಿಜ. ಅಣ್ಣನಿಗೆ ಏಣಿ ಹತ್ತಿ ಮುದ್ದೆ, ಸಾರು ಕೊಟ್ಟವಳೂ ಅವಳೇ. ಆ ದುಃಖದಲ್ಲಿ ಅವನಿಗೆ ಒಂದು ಮುದ್ದೆ ಸಾಲುತ್ತಲೂ ಇರಲಿಲ್ಲ.

"ಗಂಡ್ ಮುಂಡೇದು, ತಡ್ಕಳಾಕಿಲ್ಲ ಕಣೇ. ನಾವಾದ್ರೆ ಹೆಂಗೋ ನುಂಗ್ಕೊಂಡ್ ಹೋಯ್ತೀವಿ" ಎಂದು ಶಿವರುದ್ರಮ್ಮ ನನ್ನೆದುರು ಕಣ್ಣೊರೆಸಿಕೊಂಡಳು. ನನಗೆ ಮೈ ಉರಿದುಹೋಯಿತು.

ಗಿರಿಜಳಿಗೂ ಆ ಹುಡುಗ ಮನಸ್ಸಿಗೆ ಹಿಡಿಸಿದ್ದ. ಅವಳಿಗೆ ಬೇಕಾಗಿದ್ದುದು ಇಷ್ಟೇ, ಒಂದು ಸಲ ಯಾರ ಕಾಟವೂ ಇಲ್ಲದೆ ಮನಸಾರೆ ಅಳಬೇಕು. ಕೊಟ್ಟಿಗೆಗೆ ಹೋದರೆ ಅವ್ವ "ಹಾಲು ಕರೆದಾಯ್ತೇನೇ?" ಎಂದು ಕೂಗುತ್ತಿದ್ದಳು. ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡರೆ ಹಂಡೆಗೆ ನೀರು ತುಂಬಿದೆಯಾ ಎಂದು ಕದ ಬಡಿಯುತ್ತಿದ್ದಳು. ಒಂದು ಮಧ್ಯಾಹ್ನ ತೋಟದ ಬಾವಿಕಟ್ಟೆಯ ಮೇಲೆ ಕುಳಿತು ಸೆರಗು ಬಾಯಿಗಿಟ್ಟುಕೊಂಡಳು, ಅಷ್ಟೆ. ಕಾಯಿ ಕೆಡವಲು ಮರ ಹತ್ತಿದ್ದ ಆಳು ಚಿಕ್ಕಣ್ಣ ಮೇಲಿಂದಲೇ ಅರಚಿದ.

"ಅಯ್ಯಯ್ಯೋ, ಗಿರಿಜಮ್ಮ ಬಾವಿಗ್ ಬೀಳ್ತಾವ್ರೆ, ಬರ್ರಪ್ಪೋ!"

ಅರ್ಧ ಊರು ಓಡಿ ಬಂತು. "ಬೀಳೋಕಲ್ಲ ಕಣ್ರೀ, ಅಳೋಕ್ ಬಂದಿದ್ದೆ" ಅಂದರೆ ಒಬ್ಬರೂ ನಂಬಲಿಲ್ಲ. ಮನೆಗೆ ಎಳೆತಂದು, ಅಣ್ಣ ಇರುವ ಸ್ಥಿತಿಯಲ್ಲಿ ಇವಳದೊಂದು ಬೇರೆ ಎಂದು ಬೈದರು. ಆಮೇಲೆ ಓಡಿ ಬಂದು ಸುಸ್ತಾದವರಿಗೆಲ್ಲ ಕಾಫಿ ಮಾಡಲು ಅವಳನ್ನೇ ಒಳಗೆ ಕಳಿಸಿದರು.

ಮಾರನೆಯ ದಿನ ನಾನು ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗಿದ್ದೆ. ಗಿರಿಜ ಮುದ್ದೆಯ ತಟ್ಟೆ ಹಿಡಿದು ಏಣಿ ಹತ್ತಿದಳು. ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅಟ್ಟದ ಮೇಲಿಂದ ಗೋಳೋ ಎಂಬ ಅಳು ಕೇಳಿಸಿತು.

"ಏನಾಯ್ತೇ? ಯಾರ್ ಏನಂದ್ರು?" ಅದು ತೋಂಟದಾರ್ಯನ ದನಿ, ಬಾಯಿ ತುಂಬ ತುತ್ತು.

"ಶೆಟ್ಟಿಕೆರೆಯೋರು ನಿನ್ನೊಬ್ಬನ್ನೇ ಬ್ಯಾಡ ಅಂದಿದ್ದಾ ಅಣ್ಣ?"

ಮೇಲೆ ತಟ್ಟೆ ಕೆಳಗಿಟ್ಟ ಸದ್ದಾಯಿತು. ಅಷ್ಟು ದಿನ ಮಲಗಿ ಯೋಚಿಸಿದವನಿಗೆ ಇದೊಂದು ಹೊಳೆದಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಅವನೂ ಮೂಗೆಳೆಯುವುದು ಕೇಳಿಸಿತು.

"ನೀನ್ ಇಳಿದ್ ಹೋಗಣ್ಣ" ಎಂದಳು ಗಿರಿಜ. "ಇಲ್ಲೇ ಇದ್ರೆ ನೀನೂ ಶುರು ಮಾಡ್ತೀಯ. ಆಮೇಲೆ ನಿನ್ನ ಸಮಾಧಾನ ಮಾಡೋಳೂ ನಾನೇ ಆಯ್ತೀನಿ."

ತೋಂಟದಾರ್ಯ ತಟ್ಟೆ ಸಮೇತ ಇಳಿದು ಬಂದ. ಶಿವರುದ್ರಮ್ಮ ಏಣಿಗೆ ಕೈ ಹಾಕಿದಳು.

"ಅದ್ಯಾಕ್ಲಾ ಅಳ್ತಾವ್ಳೆ? ಒಲೆ ಮ್ಯಾಲೆ ಹಾಲೈತೆ, ಕರಿಯೋ ಅವ್ಳನ್ನ."

ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಅಡ್ಡಲಾಗಿ ಕುಳಿತ.

"ಹಾಲು ಉಕ್ಕಿದ್ರೆ ಉಕ್ಲಿ ಬುಡವ್ವ. ಅವ್ಳು ಅಳ್ಲಿ."