ಚಳಿಯಿಲ್ಲದ ಸೀಮೆಗೆ ಬಂದ ಅಂಗಿ

ನಾನು ಒಂದು ಕುರಿಚರ್ಮದ ನಿಲುವಂಗಿ. ಟಿಬೆಟ್ಟಿನ ಎತ್ತರದ ಬಯಲಿನಲ್ಲಿ ಒಂಬತ್ತು ಕುರಿಗಳ ಚರ್ಮ ಸೇರಿ ನಾನಾದೆ. ಹಸಿ ಚರ್ಮಕ್ಕೆ ಮೊಸರು, ಬೆಣ್ಣೆ ಸವರಿ, ದಿನಗಟ್ಟಲೆ ತುಳಿದು ಹದ ಮಾಡಿದವನು ಗೊನ್‌ಪೊ ಎಂಬ ಕುರಿಗಾಹಿ. ಹೆಂಡತಿ ತೀರಿಕೊಂಡಿದ್ದಳು, ಹಾಗಾಗಿ ಹೊಲಿಗೆಯೂ ಅವನದೇ. ಅಂಕುಡೊಂಕಾಗಿತ್ತು, ಆದರೆ ಗಟ್ಟಿಯಾಗಿತ್ತು.

ಆ ಸೀಮೆಯಲ್ಲಿ ಮರವೆಂಬುದೇ ಇಲ್ಲ. ಕಲ್ಲು, ಕುರುಚಲು ಹುಲ್ಲು, ಅದರಾಚೆ ಹಿಮದ ಬೆಟ್ಟ. ಬಿಸಿಲಿಗೆ ತಿರುಗಿದ ಕೆನ್ನೆ ಸುಡುತ್ತಿದ್ದರೆ ಇನ್ನೊಂದು ಕಡೆಯ ಕಿವಿ ಮರಗಟ್ಟುತ್ತಿತ್ತು. ಅದಕ್ಕೇ ಗೊನ್‌ಪೊ ಹಗಲಲ್ಲಿ ನನ್ನ ಬಲತೋಳು ಕಳಚಿ ಬೆನ್ನಿಗೆ ಇಳಿಬಿಡುತ್ತಿದ್ದ, ಮೋಡ ಬಂದ ಕೂಡಲೇ ಮತ್ತೆ ತೊಡುತ್ತಿದ್ದ. ಗಾಳಿ ಎಷ್ಟು ಒಣಗಿತ್ತೆಂದರೆ ಕಡಿದ ಮಾಂಸ ಕೊಳೆಯುತ್ತಿರಲಿಲ್ಲ. ಬೂಷ್ಟು ಎಂದರೇನೆಂದು ಅಲ್ಲಿ ನನಗೆ ತಿಳಿದಿರಲಿಲ್ಲ. ದಿಬ್ಬದ ಮೇಲೆ ನಿಂತರೆ ಅರ್ಧ ದಿನದ ದಾರಿಯಾಚೆ ಮೇಯುವ ಹಿಂಡೂ ಅವನ ಕಣ್ಣಿಗೆ ಬೀಳುತ್ತಿತ್ತು.

ಆಮೇಲೆ ಚೀನಾದ ಸೈನ್ಯ ಬಂತು. ಗೊನ್‌ಪೊ ಹದಿನಾರು ವರ್ಷದ ಮಗಳು ಯಾಂಗ್‌ಜೋಮ್‌ಳನ್ನು ಕರೆದುಕೊಂಡು ಹೊರಟ. ಇಬ್ಬರ ಮಧ್ಯೆ ಇದ್ದದ್ದು ನಾನೊಬ್ಬನೇ. ಬೆಟ್ಟದ ಕಣಿವೆದಾರಿ ಏರುವಾಗ ನನ್ನನ್ನು ಮಗಳ ಮೇಲೆ ಹಾಕಿ, ತಾನು ಹರಕು ಕಂಬಳಿಯಲ್ಲಿ ನಡೆದ. ಅವನ ಎರಡು ಕಾಲ್ಬೆರಳು ಆ ಹಿಮದಲ್ಲೇ ಹೋದವು.

ಗಡಿ ದಾಟಿ, ಬೆಟ್ಟದ ರಸ್ತೆಗಳಲ್ಲಿ ಒಂದೆರಡು ವರ್ಷ ಕಲ್ಲು ಒಡೆದ ಮೇಲೆ, ದೂರದ ದಕ್ಷಿಣದಲ್ಲಿ ಜಮೀನು ಕೊಡುತ್ತಾರೆಂಬ ಸುದ್ದಿ ಬಂತು. ಮೈಸೂರು ಎಂಬ ಹೆಸರನ್ನು ಗೊನ್‌ಪೊ ಮೊದಲ ಸಲ ಕೇಳಿದ.

"ಅಲ್ಲಿ ಹಿಮ ಬೀಳುತ್ತಾ?" ಎಂದು ದುಭಾಷಿಯನ್ನು ಕೇಳಿದ.

"ಹಿಮ ಇಲ್ಲ. ಮಳೆ ಇದೆ."

"ಹಾಗಾದರೆ ಕುರಿಗೆ ಒಳ್ಳೆಯದು" ಎಂದು ಗೊನ್‌ಪೊ ತಲೆಯಾಡಿಸಿದ.

ರೈಲಿನಲ್ಲಿ ದಿನ ಕಳೆದಂತೆ ಸೆಕೆ ಏರಿತು. ನನ್ನೊಳಗಿನ ಹಳೆಯ ಬೆಣ್ಣೆಯೆಲ್ಲ ಕರಗಿ ನಾರತೊಡಗಿತು. ಪಕ್ಕದವರು ಮೂಗು ಮುಚ್ಚಿಕೊಂಡು ಸರಿದು ಕೂತರು. ಯಾಂಗ್‌ಜೋಮ್ ನಾಚಿಕೆಯಿಂದ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಬೈಲುಕುಪ್ಪೆಯಲ್ಲಿ ಆಗ ಇದ್ದದ್ದು ಕಾಡು. ಬಿದಿರು, ಮತ್ತಿ, ತೇಗ, ಅವುಗಳ ನಡುವೆ ಆನೆ. ಕಡಿದು ಸುಟ್ಟು ಹೊಲ ಮಾಡಬೇಕಿತ್ತು. ಗೊನ್‌ಪೊನನ್ನು ಬಿಸಿಲಿಗಿಂತ ಹೆಚ್ಚು ಕಾಡಿದ್ದು ಮರಗಳು. "ಎತ್ತ ನೋಡಿದರೂ ಗೋಡೆ" ಎನ್ನುತ್ತಿದ್ದ. ಇಲ್ಲಿನ ಗಾಳಿಯನ್ನು ಉಸಿರಾಡುವುದೆಂದರೆ ಉಗುರುಬೆಚ್ಚಗಿನ ನೀರು ಕುಡಿದ ಹಾಗೆ ಎನ್ನುತ್ತಿದ್ದ. ಆದರೂ ಕೊಡಲಿ ಬಿಡಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ತಂದ ಜವೆಗೋಧಿಯ ಹಿಟ್ಟು ಗುಡಾರದಲ್ಲಿ ಗಂಟುಗಟ್ಟಿತು. ನನ್ನ ಮೈಮೇಲೆ ಹಸಿರು ಬೂಷ್ಟು ಎದ್ದಿತು, ಉಣ್ಣೆ ಹಿಡಿಹಿಡಿಯಾಗಿ ಕಿತ್ತು ಬಂತು. ಗೊನ್‌ಪೊ ಮಗುವಿನ ಮೈ ಒರೆಸುವವನಂತೆ ದಿನಾ ನನ್ನನ್ನು ಒರೆಸುತ್ತಿದ್ದ.

"ಬಿಸಾಡಿಬಿಡಪ್ಪ" ಎಂದಳು ಯಾಂಗ್‌ಜೋಮ್ ಒಂದು ದಿನ. "ಇದನ್ನು ಇಲ್ಲಿ ಯಾರು ಹಾಕುತ್ತಾರೆ?"

"ಇನ್ನೆರಡು ವರ್ಷಕ್ಕೆ ವಾಪಸು ಹೋಗುತ್ತೇವೆ. ಆಗ ಕಣಿವೆ ದಾಟುವಾಗ ಏನು ಹೊದೆಯುತ್ತೀ?"

"ನಾನು ಬರುವುದಿಲ್ಲ. ನೀನು ಇದನ್ನೇ ಕಟ್ಟಿಕೊಂಡು ಹೋಗು."

ಗೊನ್‌ಪೊ ನನ್ನನ್ನು ಮಡಚಿ ತಲೆಯಡಿ ಇಟ್ಟುಕೊಂಡ.

ನನ್ನನ್ನು ಉಳಿಸಿದವಳು ಪಕ್ಕದೂರಿನಿಂದ ಮಜ್ಜಿಗೆ ತರುತ್ತಿದ್ದ ಚಿಕ್ಕತಾಯಮ್ಮ. ಯಾಂಗ್‌ಜೋಮ್‌ಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ನನ್ನನ್ನು ಎತ್ತಿ ಮೂಸಿ, "ಅಯ್ಯೋ, ಇದ ಹಿಂಗ್ ನೆಲದ್ ಮ್ಯಾಲೆ ಮಡಗಿದ್ರೆ ಉಳ್ದದೇನವ್ವ? ವಲೆ ಮ್ಯಾಲೆ ತೂಗಾಕು. ಒಳಗ್ ವಸಿ ಲಕ್ಕಿ ಸೊಪ್ಪು ತುಂಬು, ಹುಳ ಬರಾಕಿಲ್ಲ" ಎಂದಳು. ಯಾಂಗ್‌ಜೋಮ್‌ಗೆ ಭಾಷೆ ತಿಳಿಯಲಿಲ್ಲ. ಚಿಕ್ಕತಾಯಮ್ಮ ತಾನೇ ಸೊಪ್ಪು ತಂದು ತುಂಬಿ, ಹಗ್ಗ ಕಟ್ಟಿ ಹೋದಳು.

ಎರಡನೆಯ ಬೇಸಿಗೆಯಲ್ಲಿ ಗೊನ್‌ಪೊಗೆ ಜ್ವರ ಬಂತು. ಹೊರಗೆ ನೆಲ ಕಾದು ಕಾಲಿಡಲಾಗುತ್ತಿರಲಿಲ್ಲ, ಅವನಿಗೆ ಮಾತ್ರ ಹಲ್ಲು ಕಟಕಟಿಸುವ ಚಳಿ. ಸೊಳ್ಳೆಯಿಂದ ಬಂದ ಮಲೇರಿಯಾ ಎಂದು ವೈದ್ಯರು ಮಾತ್ರೆ ಕೊಟ್ಟರು. ಯಾಂಗ್‌ಜೋಮ್ ಹಗ್ಗ ಬಿಚ್ಚಿ ನನ್ನನ್ನು ಅವನ ಮೇಲೆ ಹೊದಿಸಿ, ಮೇಲೆ ತಾನೂ ಒರಗಿ ಹಿಡಿದುಕೊಂಡಳು. ಹೊರಗಿನ ಚಳಿಯನ್ನು ತಡೆಯುವುದು ನನಗೆ ಗೊತ್ತಿತ್ತು. ಮೈಯೊಳಗಿಂದ ಏಳುವ ಚಳಿಗೆ ನಾನೇನು ಮಾಡಲಿ?

ಮೂರನೆಯ ದಿನ ಮಧ್ಯಾಹ್ನ ಗೊನ್‌ಪೊ ಕಣ್ಣು ತೆರೆದ. "ಹಿಮ ಜೋರಾಗಿದೆ. ಮರಿಗಳು ಒಳಗೆ ಬಂದವಾ?"

"ಬಂದವಪ್ಪ. ಎಲ್ಲಾ ಬಂದವು."

"ಎಣಿಸಿದೆಯಾ?"

"ಎಣಿಸಿದೆ."

ಅವನ ನಡುಕ ನಿಂತಿತು. ಜ್ವರ ಇಳಿಯಿತೆಂದುಕೊಂಡು ಯಾಂಗ್‌ಜೋಮ್ ತುಂಬ ಹೊತ್ತು ಹಾಗೇ ಒರಗಿಕೊಂಡಿದ್ದಳು. ನನಗೆ ಅವಳಿಗಿಂತ ಮೊದಲೇ ತಿಳಿದಿತ್ತು.

ನಮ್ಮ ಸೀಮೆಯಲ್ಲಿ ಒಲೆಗೂ ಸಗಣಿಯೇ, ಸೌದೆಯಿಲ್ಲ. ಸತ್ತವರನ್ನು ಬಂಡೆಯ ಮೇಲೆ ರಣಹದ್ದುಗಳಿಗೆ ಒಪ್ಪಿಸುತ್ತಾರೆ. ಇಲ್ಲಿ ಅಂಥ ಬಂಡೆಯಿರಲಿಲ್ಲ, ಅವನೇ ಕಡಿದು ಹಾಕಿದ್ದ ಮರಗಳಿದ್ದವು. ಗೊನ್‌ಪೊ ಜೀವಮಾನವಿಡೀ ಉರಿಸದಷ್ಟು ಸೌದೆ ಒಂದೇ ದಿನ ಅವನಿಗಾಗಿ ಉರಿಯಿತು. ನನ್ನನ್ನೂ ಹಾಕೆಂದು ಯಾರೋ ಹೇಳಿದರು. ಯಾಂಗ್‌ಜೋಮ್ ಕೊಡಲಿಲ್ಲ.

ವರ್ಷಗಳು ಹೋದವು. ಕಾಡಿದ್ದಲ್ಲಿ ಮುಸುಕಿನ ಜೋಳ ತೂಗಿತು. ಯಾಂಗ್‌ಜೋಮ್‌ಗೆ ಮದುವೆಯಾಯಿತು, ಮಕ್ಕಳಾದರು. ಬಿಸಿಲು ಅವಳಿಗೆ ಒಗ್ಗಿತು, ರಾಗಿಮುದ್ದೆ ಒಗ್ಗಿತು, ಚಿಕ್ಕತಾಯಮ್ಮನ ಮಾತು ನಾಲಿಗೆಗೆ ಬಂತು. ಪ್ರತಿ ಮಳೆಗಾಲಕ್ಕೆ ಮುಂಚೆ ನನ್ನನ್ನು ಕೆಳಗಿಳಿಸಿ ಹೊಸ ಸೊಪ್ಪು ತುಂಬುತ್ತಿದ್ದಳು. ವಾಪಸು ಬರುವುದಿಲ್ಲವೆಂದು ತಂದೆಗೆ ಆಡಿದ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ಸೊಪ್ಪು ತುಂಬುವಾಗ ಕೈ ಆಗಾಗ ನಿಲ್ಲುತ್ತಿತ್ತು.

ಈಗ ಇಬ್ಬರೂ ಮುದುಕಿಯರು. ಹೋದ ಮಾರ್ಗಶಿರದ ಚಳಿಗೆ ಚಿಕ್ಕತಾಯಮ್ಮನ ಮಂಡಿ ಹಿಡಿದುಕೊಂಡು ಏಳಲಾಗದೆ ಹೋಯಿತು. ಯಾಂಗ್‌ಜೋಮ್ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಆಟೊದಲ್ಲಿ ಹೋಗಿ, ಅವಳ ಜಗಲಿಯ ಮೇಲೆ ಕಾಲಿಗೆ ಹೊದಿಸಿದಳು.

"ನಿಮ್ಮಪ್ಪಂದಲ್ವವ್ವ ಇದು? ನಂಗ್ಯಾಕ್ ತಂದೆ?"

"ಇರ್ಲಿ ಅಕ್ಕ. ನೀನೇ ಅಲ್ವಾ ಉಳಿಸಿದ್ದು."

ಚಿಕ್ಕತಾಯಮ್ಮ ನನ್ನ ಬೋಳಾದ ಉಣ್ಣೆಯಲ್ಲಿ ಬೆರಳಾಡಿಸಿದಳು. "ಇಷ್ಟ್ ವರ್ಸಾಯ್ತು, ನಿಮ್ಮೂರು ಹೆಂಗಿತ್ತು ಅಂತ ನಾ ಕೇಳ್ನೇ ಇಲ್ಲ."

ಯಾಂಗ್‌ಜೋಮ್ ರಸ್ತೆಯ ಕಡೆ ನೋಡುತ್ತ ಕೂತಳು. "ತುಂಬ ಚಳಿ. ಹಿಮ. ಕುರಿ ಇದ್ವು..." ಎಂದಳು. ಆಮೇಲೆ ಅವಳ ಮುಖ ಅರಳಿತು. "ನಮ್ ಗುಡಾರದ ಮುಂದೆ ಒಂದ್ ದೊಡ್ಡ ಮರ ಇತ್ತು ಅಕ್ಕ. ಬಿಸ್ಲು ಏರಿದ್ರೆ ಅಪ್ಪ ಅದರ್ ನೆಳ್ಳಲ್ಲೇ ಕೂತ್ಕೊಂಡಿರೋರು."

"ಯಾವ್ ಮರ?"

"ಹೆಸ್ರು ಬರ್ತಾ ಇಲ್ಲ ಅಕ್ಕ."

ಚಿಕ್ಕತಾಯಮ್ಮ ಹೂಂಗುಟ್ಟಿ ಗೋಡೆಗೆ ಒರಗಿದಳು. ಆ ಬಯಲಿನಲ್ಲಿ ಮರವೇ ಇರಲಿಲ್ಲ, ನೆರಳೆಂದರೆ ಮೋಡದ್ದು, ಬಂದ ಹಾಗೇ ಹೋಗುವಂಥದ್ದು. ಆ ಗುಡಾರದ ಬಯಲನ್ನು ಕಂಡವರಲ್ಲಿ ಇಲ್ಲಿ ಉಳಿದಿರುವುದು ನಾವಿಬ್ಬರೇ. ಅವಳು ಮರೆತಳು, ನನಗೆ ಬಾಯಿಲ್ಲ. ನನ್ನ ತೊಗಲು ಬಿರುಕು ಬಿಟ್ಟಿದೆ, ಇನ್ನೊಂದು ಮಳೆಗಾಲ ತಾಳಲಾರೆ. ಯಾಂಗ್‌ಜೋಮ್ ಇನ್ನೂ ಆ ಮರದ ಹೆಸರನ್ನು ಹುಡುಕುತ್ತಿದ್ದಾಳೆ.