ಶೀಶಂ ಕಟ್ಟಿಗೆಯ ಭಾರ

ಭಕ್ತಿ ತಂದೆಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಸುತ್ತುತ್ತಿದ್ದಳು. ಗಂಟು ಮತ್ತೆ ಮತ್ತೆ ಜಾರುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದ ತಾಯಿ ನಲಿನಿ, "ಭಾಳ ಬಿಗಿಬ್ಯಾಡವಾ, ನೋವಾದೀತು ಅವರಿಗೆ" ಎಂದರು. ಅಂದ ಮೇಲೆ ತಾವು ಆಡಿದ್ದು ಹೊಳೆದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಆ ಮನೆಯಲ್ಲಿ ಭಕ್ತಿಯ ತಂದೆ ದತ್ತಾತ್ರೇಯ ಹಿಂದಿನ ಸಂಜೆ, ಚಹಾದ ಬಟ್ಟಲು ಕೈಯಲ್ಲಿ ಇರುವಾಗಲೇ ಹೋಗಿಬಿಟ್ಟಿದ್ದರು. ಬೀದರಿನಿಂದ ಅವರ ತಂಗಿ ಪ್ರೇಮಾ ಬರುವ ತನಕ ಎತ್ತುವಂತಿರಲಿಲ್ಲ. ಮಗ ಮಿಲಿಂದ ಅಂಗಳದಲ್ಲಿ ನಿಂತು ಚಟ್ಟಕ್ಕೆ ಬಿದಿರು ಕಟ್ಟಿಸುತ್ತಿದ್ದ. ಒಳಗೆ ಊದಿನಕಡ್ಡಿಯ ಹೊಗೆ ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲನ್ನು ನಿಧಾನವಾಗಿ ಹತ್ತುತ್ತಿತ್ತು. ಆ ಹೊಗೆಯ ಅಡಿಯಲ್ಲೂ ಅಗಸೆ ಎಣ್ಣೆಯ ವಾಸನೆ ಇತ್ತು. ಜೀವಮಾನವಿಡೀ ಕಟ್ಟಿಗೆಗೆ ಎಣ್ಣೆ ತಿಕ್ಕಿದ ಕೈಗಳನ್ನು ಮಕ್ಕಳು ಎಷ್ಟು ತೊಳೆದರೂ ಅದು ಹೋಗಿರಲಿಲ್ಲ.

ದತ್ತಾತ್ರೇಯರದು ಬಂದೂಕಿಗೆ ಕುಂದಾ ಮಾಡುವ ಕಸುಬು. ನಳಿಗೆಯನ್ನು ಹೊತ್ತು, ಹೆಗಲಿಗೆ ಆನಿಕೊಳ್ಳುವ ಕಟ್ಟಿಗೆಯ ಭಾಗಕ್ಕೆ ಆ ಊರಲ್ಲಿ ಕುಂದಾ ಎನ್ನುತ್ತಾರೆ. ಹೆಣದ ತಲೆಯ ಕಡೆ ಗೋಡೆಗೆ ಆತು ಕೂತಿದ್ದ ಮುದುಕ ಚನ್ನು ಅವರ ಅಂಗಡಿಯ ಜೊತೆಗಾರ. ಕಬ್ಬಿಣದ ಕೆಲಸವೆಲ್ಲ ಚನ್ನುವಿನದು, ಕಟ್ಟಿಗೆಯದು ದತ್ತಾತ್ರೇಯರದು.

ಪಕ್ಕದ ಮನೆಗೆ ಹೊಸದಾಗಿ ಬಂದ ಸುಮಂಗಲಾ ಗೋಡೆಯ ಮೇಲಿನ ರೈಫಲ್ಲನ್ನು ನೋಡುತ್ತಿದ್ದಳು. ಜೇನಿನ ಬಣ್ಣದ ಕುಂದಾದ ಮೇಲೆ ಕಪ್ಪು ಗೆರೆಗಳು ಹೊಳೆಯ ನೀರಿನಂತೆ ಬಳುಕಿದ್ದವು.

"ಅದು ಯಾರದ್ರಿ?" ಎಂದಳು ಮೆಲ್ಲಗೆ.

"ನಂದು. ಗಾಳಿ ರೈಫಲ್ಲು," ಎಂದಳು ಭಕ್ತಿ. "ಅಪ್ಪನ ಮಾತು ನಾನು ಮೀರಿದ್ದು ಅದೊಂದ ಸಲ."

*

ಆಗ ಭಕ್ತಿ ಏಳನೇ ಇಯತ್ತೆ. ವಿಷಮಶೀತ ಜ್ವರದಿಂದ ಎದ್ದ ಹೊಸತು. ಕೈಗಳು ಕಡ್ಡಿಯಂತಿದ್ದವು. ಜ್ವರದಲ್ಲಿ ಅವಳು ಕೇಳಿದ್ದು ಒಂದೇ, ತನ್ನದೇ ಒಂದು ರೈಫಲ್ಲು. ಅಪ್ಪ ಮಾಳಿಗೆಯ ಮೇಲೆ ಎರಡು ಹಲಗೆಗಳನ್ನು ಬಿಸಿಲಿಗೆ ಇಟ್ಟರು. ಚೊಂಬಿನ ನೀರಿನಲ್ಲಿ ಕೈ ಅದ್ದಿ ಎರಡರ ಮೇಲೂ ಸವರಿದರು. ಒದ್ದೆಯಾದೊಡನೆ ಒಣ ಹಲಗೆಗಳು ಕಣ್ಣು ಬಿಟ್ಟಂತೆ ಆದವು. ಒಂದರೊಳಗೆ ಮಂಜು ಕವಿದಂಥ ಕಂದು. ಇನ್ನೊಂದರೊಳಗೆ ಕಪ್ಪು ಹೊಳೆಗಳು.

"ಇದು ಅಕ್ರೋಟ್," ಎಂದರು ಅಪ್ಪ ಕಂದು ಹಲಗೆಯನ್ನು ತಟ್ಟಿ. "ಕಾಶ್ಮೀರದ್ದು. ಹಗುರ ಐತಿ, ಗಟ್ಟಿನೂ ಐತಿ. ಮಳಿಗೆ ಬಿಸಲಿಗೆ ಸೊಟ್ಟ ಆಗಂಗಿಲ್ಲ. ಅದು ಶೀಶಂ. ನೋಡಾಕ ಚಂದ. ಆದ್ರ ಭಾಳ ವಜನು."

"ನನಗ ಶೀಶಂ ಬೇಕು."

ಮೆಟ್ಟಿಲ ಮೇಲೆ ಬೀಡಿ ಸೇದುತ್ತಿದ್ದ ಚನ್ನು ನಕ್ಕುಬಿಟ್ಟ. "ನನ್ನವ್ವಾ, ಅದನ್ನ ಎತ್ತಿ ಹಿಡದು ನಿಂದ್ರೂದ್ರಾಗ ನೀನ ಬಿದ್ದೋಗ್ತಿ."

"ಬೀಳಂಗಿಲ್ಲ."

ಅಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ನೀರು ಆರುತ್ತ ಬಂದು ಹೊಳೆಗಳು ಹಲಗೆಯೊಳಕ್ಕೆ ಮರಳಿ ಮುಳುಗುತ್ತಿದ್ದವು. ಅವು ಪೂರ್ತಿ ಮಾಯವಾಗುವ ತನಕ ಅವರು ಅವನ್ನೇ ನೋಡಿದರು.

"ಹೆಗಲು ಆಕಿದು," ಎಂದರು ಕೊನೆಗೆ. "ಆಕಿ ಹೇಳಿದ್ದ ಆಗ್ಲಿ."

*

"ಮೊದಮೊದಲ ತುದಿ ಹೆಂಗ ನಡುಗತಿತ್ತು ಅಂತೀರಿ," ಭಕ್ತಿ ಸುಮಂಗಲಾಗೆ ಹೇಳುತ್ತಿದ್ದಳು. "ಮಾಳಿಗಿ ಮ್ಯಾಲ ಒಬ್ಬಾಕಿನ ನಿಂತು ಅಳತಿದ್ದೆ. ಅಪ್ಪಗ ಹೇಳಲಿಲ್ಲ. ಹೇಳಿದ್ರ ಸೋತಂಗ ಅಲ್ಲಾ? ಆಮ್ಯಾಲ ಒಂದಿನ ನಡುಗೂದು ನಿಂತು ಹೋತು. ಕೈ ಗಟ್ಟಿ ಆಗಿದ್ದವು. ಈಗ ದಿಲ್‌ಸುಖ್‌ನಗರದಾಗ ನನ್ನ ಹತ್ರ ಹೊಲಿಗಿ ಕಲಿಯೋ ಹುಡಿಗ್ಯಾರಿಗೆಲ್ಲಾ ಇದನ್ನ ಹೇಳ್ತೀನಿ. ಭಾರಾ ಕಡಿಮಿ ಮಾಡಂತ ಕೇಳಬ್ಯಾಡ್ರಿ, ಎತ್ತಿದ್ರ ಕೈ ಬೆಳೀತಾವ ಅಂತ."

ಗಂಡ ಬಿಟ್ಟುಹೋದ ವರ್ಷ ಅವಳು ತನಗೆ ತಾನೇ ಹೇಳಿಕೊಂಡದ್ದೂ ಇದನ್ನೇ. ಅದನ್ನು ಸುಮಂಗಲಾಗೆ ಹೇಳಲಿಲ್ಲ.

ಚನ್ನು ತಲೆ ತಗ್ಗಿಸಿದ್ದ. ಆಮೇಲೆ ನಲಿನಿಯ ಕಡೆ ನೋಡಿದ. ನಲಿನಿ ಗಂಡನ ಮುಖವನ್ನೇ ನೋಡುತ್ತ, "ಹೇಳಿಬಿಡ್ರಿ ಚನ್ನಣ್ಣಾ," ಎಂದರು. "ಇನ್ನ ಯಾರ ಬ್ಯಾಡ ಅಂತಾರ."

"ಏನು ಕಾಕಾ?"

"ನೀ ಸಾಲಿಗೆ ಹೋದಾಗ," ಚನ್ನು ರೈಫಲ್ಲಿನ ಕಡೆ ಕೈ ತೋರಿಸಿದ. "ನೀ ಸಾಲಿಗೆ ಹೋದಾಗ ದತ್ತು ಅದನ್ನ ಅಂಗಡಿಗೆ ತರತಿದ್ದ. ಹಿಂದಿನ ರಬ್ಬರ್ ಪಟ್ಟಿ ಬಿಚ್ಚಿ, ವಜನು ಕಡಿಮಿ ಆಗ್ಲಿ ಅಂತ ಕುಂದಾದ ಹೊಟ್ಟಿಯೊಳಗ ಒಂದು ತೂತು ಕೊರೀತಿದ್ದ. ಹಿಂದ ಮುಂದ ಸಮ ತೂಗಬೇಕಲ್ಲಾ, ನಳಿಗಿ ಕೆಳಗೂ ಒಂದೀಟು ಕೆತ್ತತಿದ್ದ. ಮತ್ತ ಮುಚ್ಚಿ, ನೀ ಬರೂದ್ರಾಗ ಗೋಡಿಗೆ. ನಾಕು ದಿನ ಬಿಟ್ಟು ಮತ್ತೊಂದು."

ಅಂಗಳದಲ್ಲಿ ಬಿದಿರು ಸೀಳುವ ಸದ್ದು ಕೇಳುತ್ತಿತ್ತು. ಭಕ್ತಿ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಅಂದ್ರ ನನ್ನ ಕೈ ಗಟ್ಟಿ ಆಗಿದ್ದಿಲ್ಲ."

ಅವಳು ಎದ್ದಳು. ಅಪ್ಪನ ತಲೆಯ ಮೇಲಿಂದ ಕೈ ಚಾಚಿ ರೈಫಲ್ಲನ್ನು ಇಳಿಸಿದಳು. ಅದರ ಸ್ಕ್ರೂಗಳನ್ನು ಅಪ್ಪ ಯಾವತ್ತೂ ಬೇರೆಯವರಿಗೆ ಮುಟ್ಟಗೊಟ್ಟಿರಲಿಲ್ಲ. ಎಣ್ಣೆ ಹಾಕುವುದಿದ್ದರೂ ತಾವೇ. ಅದು ಅಪ್ಪನ ಸ್ವಭಾವ ಅಂದುಕೊಂಡಿದ್ದಳು. ಹೊಲಿಗೆಯಂತ್ರದ ಸೆಳೆಖಾನೆಯಿಂದ ಸ್ಕ್ರೂಡ್ರೈವರ್ ತಂದು ನೆಲದ ಮೇಲೆ, ಅವರ ಪಕ್ಕದಲ್ಲೇ ಕೂತಳು.

"ಈಗ ಯಾಕ್ರಿ ಅದೆಲ್ಲ," ಎಂದಳು ಸುಮಂಗಲಾ.

"ತಗೀಲಿ," ಎಂದರು ನಲಿನಿ.

ರಬ್ಬರ್ ಪಟ್ಟಿ ಕೈಗೆ ಬಂತು. ಒಳಗೆ ಜೇನುಗೂಡಿನಂಥ ತೂತುಗಳನ್ನು ನೋಡಲು ಅವಳು ಗಟ್ಟಿಮನಸ್ಸು ಮಾಡಿದ್ದಳು. ತೂತುಗಳಿರಲಿಲ್ಲ. ದುಂಡು ದುಂಡು ಗುರುತುಗಳಿದ್ದವು. ಒಂದೊಂದರಲ್ಲೂ ಶೀಶಮ್ಮಿನದೇ ಬೆಣೆ, ಕೂದಲೆಳೆ ಹೋಗದಷ್ಟು ಬಿಗಿಯಾಗಿ, ಗೆರೆಗೆ ಗೆರೆ ಕೂಡುವಂತೆ ಕೂತಿತ್ತು. ಕಪ್ಪು ಹೊಳೆಗಳು ಬೆಣೆಗಳನ್ನು ದಾಟಿ ಮುಂದಕ್ಕೆ ಹರಿದಿದ್ದವು.

"ತುಂಬ್ಯಾರ," ಎಂದಳು ಭಕ್ತಿ. ದನಿ ಅವಳದಾಗಿರಲಿಲ್ಲ.

"ಮತ್ತ?" ಚನ್ನುವಿನ ಕಣ್ಣು ತೇವವಾಗಿತ್ತು. "ನೀ ಮೈ ಹಿಡಕೋತ ಹೋದಿ. ಆತ ಒಂದೊಂದ ಬೆಣಿ ಬಡಕೋತ ಬಂದ. ನನಗ ಸಿಟ್ಟು ಬರತಿತ್ತು. ಏ ದತ್ತು, ತಗದದ್ದನ್ನ ತುಂಬೂದು ಯಾವ ಕೆಲಸೋ ಅಂದೆ. ಆಕಿ ಆರಿಸಿದ್ದು ಶೀಶಂ, ಟೊಳ್ಳು ಅಲ್ಲ ಅಂದ."

ಭಕ್ತಿ ಬೆರಳಿನಿಂದ ಬೆಣೆಗಳನ್ನು ಸವರುತ್ತ ಹೋದಳು. ಕೆಳಗಿನ ಮೂಲೆಯಲ್ಲಿ ಬೆರಳು ಒಳಕ್ಕೆ ಇಳಿಯಿತು. ಅಲ್ಲೊಂದು ತೂತು ಹಾಗೇ ಉಳಿದಿತ್ತು. ತಣ್ಣಗೆ, ಕತ್ತಲೆಯಾಗಿ.

"ಇದೊಂದು ಯಾಕ ಬಿಟ್ಟಾರ?"

ಚನ್ನು ಬಗ್ಗಿ ನೋಡಿ ತಲೆಯಾಡಿಸಿದ. "ಗೊತ್ತಿಲ್ಲವಾ."

ನಲಿನಿ ಹೇಳಿದರು. "ಅಷ್ಟರಾಗ ನೀ ಅದನ್ನ ಎತ್ತೂದು ಬಿಟ್ಟಿ."

ಹೌದು. ಕಾಲೇಜು, ಆಮೇಲೆ ಮದುವೆ. ಒಂದು ದಿನ ರೈಫಲ್ಲನ್ನು ಗೋಡೆಗೆ ತೂಗುಹಾಕಿ, ಮತ್ತೆ ಇಳಿಸಿರಲಿಲ್ಲ. ಅಪ್ಪ ಏನೂ ಕೇಳಿರಲಿಲ್ಲ. ಗೋಡೆಯ ಮೇಲೇ ಅದಕ್ಕೆ ಎಣ್ಣೆ ಸವರುತ್ತಿದ್ದರು. ಆಗೆಲ್ಲ ಅವರ ಹೆಬ್ಬೆರಳು ಆ ರಬ್ಬರ್ ಪಟ್ಟಿಯ ಮೇಲೆ ಒಂದು ಗಳಿಗೆ ನಿಂತಿರುತ್ತಿತ್ತು ಅಂತ ಈಗ ಅವಳಿಗೆ ಅನ್ನಿಸಿತು. ನಿಜವಾಗಿ ಕಂಡದ್ದೋ, ಈಗ ಕಾಣುತ್ತಿರುವುದೋ ತಿಳಿಯಲಿಲ್ಲ.

ರೈಫಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಆಗ ಅತ್ತಳು. ಬೆಳಗಿನಿಂದ ಅತ್ತಿರಲಿಲ್ಲ.

*

ಪ್ರೇಮಾ ಆಟೋದಿಂದ ಇಳಿದವರೇ ಅಣ್ಣನ ಪಾದದ ಮೇಲೆ ಬಿದ್ದರು. ಅವರನ್ನು ಸಮಾಧಾನ ಮಾಡಿ ಎಬ್ಬಿಸಿದ ಮೇಲೆ ಎತ್ತುವ ಹೊತ್ತಾಯಿತು. ಹೆಣ ಒಯ್ಯುವ ವೈಕುಂಠ ರಥದ ಗಾಡಿ ಗಲ್ಲಿಯೊಳಗೆ ಬರುತ್ತಿರಲಿಲ್ಲ, ದೊಡ್ಡ ರಸ್ತೆಯಲ್ಲಿ ನಿಂತಿತ್ತು. ಅಲ್ಲಿಯವರೆಗೆ ಬಜಾರಿನೊಳಗಿಂದ ಹೊತ್ತುಕೊಂಡೇ ಹೋಗಬೇಕು. ಮಿಲಿಂದ ಬೆಂಕಿಯ ಗಡಿಗೆ ಹಿಡಿದು ಮುಂದೆ ನಿಂತ. ಚನ್ನು ಹೆಗಲು ಕೊಡಲು ಬಂದ. ಮಂಡಿ ಕುಸಿದು ಅಲ್ಲೇ ಕೂತುಬಿಟ್ಟ.

ಭಕ್ತಿ ಅವನ ಜಾಗಕ್ಕೆ ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹೆಣ್ಮಕ್ಳು ಹೆಗಲು ಕೊಡೂದು ನಮ್ಮೊಳಗ ಇಲ್ಲವಾ," ಎಂದರು ಪ್ರೇಮಾ.

"ಕೊಡ್ಲಿ ಬಿಡ್ರಿ," ಎಂದರು ನಲಿನಿ ಹೊಸ್ತಿಲಿನಿಂದ.

ಚಟ್ಟ ಮೇಲೆದ್ದಿತು. ಬಿದಿರು ಹೆಗಲಿಗೆ ಒತ್ತಿತು. ಗಲ್ಲಿ ತಿರುಗಿದರೆ ಬಜಾರು. ಎರಡೂ ಬದಿಯ ಅಂಗಡಿಗಳಿಂದ ದಾರಿಯ ಮೇಲೆಲ್ಲ ಬಟ್ಟೆಗಳು ತೂಗುಬಿದ್ದಿದ್ದವು. ಕೂಗಿ ಕರೆಯುತ್ತಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಸುಮ್ಮನಾದರು. ಕೊಕ್ಕೆಯ ಉದ್ದ ಕೋಲುಗಳಿಂದ ಬಟ್ಟೆಗಳನ್ನು ಮೇಲಕ್ಕೆ ಎತ್ತಿ ಹಿಡಿದರು. ಗಿಳಿಹಸಿರು ದುಪಟ್ಟಾ, ಅರಿಶಿನದ ಬಣ್ಣದ ಸೀರೆಗಳು, ಗುಲಾಬಿ ಲಂಗಗಳು ಮುಂದೆ ಮುಂದೆ ಏಳುತ್ತ, ಚಟ್ಟ ದಾಟಿದ ಮೇಲೆ ಮೆಲ್ಲಗೆ ಇಳಿಯುತ್ತ ಬಂದವು. ಯಾವುದೋ ಪುಟ್ಟ ಹುಡುಗಿಯ ಬಿಳಿ ಫ್ರಾಕೊಂದು ಮಾತ್ರ ಕೋಲಿಗೆ ಸಿಗದೆ ಉಳಿದು, ದತ್ತಾತ್ರೇಯರ ಹಣೆಯನ್ನು ಸವರಿಕೊಂಡು ಹಿಂದಕ್ಕೆ ಹೋಯಿತು.